ಬಹಳ ವರ್ಷ ಬಿಟ್ಟು ಮತ್ತೆ ಬೈಕು ಹತ್ತುವವರಿಗೆ ರಿಪೇರಿ ಕಡಿಮೆಯಿರುವ ಟ್ರಯಲ್ಸ್ ಗಾಡಿ ಯಾವುದು?

ಕಾಲೇಜಿನ ದಿನಗಳಲ್ಲಿ ಯಮಹಾ ಆರ್‌ಎಕ್ಸ್ 100 ಓಡಿಸಿ, ಆಮೇಲೆ ಇಪ್ಪತ್ತು ವರ್ಷ ಬೈಕು ಮುಟ್ಟದೆ ಇದ್ದು, ಈಗ ಬಾಗಲಕೋಟೆಯ ಸುತ್ತಲಿನ ಕಲ್ಲುಭೂಮಿಯಲ್ಲಿ ರವಿವಾರಕ್ಕೊಮ್ಮೆ ಟ್ರಯಲ್ಸ್ (ಕಾಲು ನೆಲಕ್ಕೆ ತಾಗಿಸದೆ ಕಲ್ಲು, ಬಂಡೆ ದಾಟುವ ಬೈಕಿನ ಆಟ) ಅಭ್ಯಾಸ ಮಾಡಬೇಕೆಂದು ನೀವು ಬರೆದಿದ್ದೀರಿ. ವಿದೇಶಿ ಟ್ರಯಲ್ಸ್ ಬೈಕು, ಹಳೆಯ ಆರ್‌ಎಕ್ಸ್, ಹೀರೋ ಎಕ್ಸ್‌ಪಲ್ಸ್ ಈ ಮೂರರಲ್ಲಿ ಗ್ಯಾರೇಜಿನ ಗೋಜು ಯಾವುದಕ್ಕೆ ಕಡಿಮೆ ಎಂಬುದು ನಿಮ್ಮ ಪ್ರಶ್ನೆ. ಬೆಳಗಾವಿಯಲ್ಲಿದ್ದು ಇದೇ ಹವ್ಯಾಸ ಇಟ್ಟುಕೊಂಡಿರುವ ನನ್ನ ಉತ್ತರ ಎಕ್ಸ್‌ಪಲ್ಸ್ 200; ಆದರೆ ಷೋರೂಮಿನಿಂದ ತಂದ ರೂಪದಲ್ಲೇ ಅಲ್ಲ.

ವಿದೇಶಿ ಗಾಡಿಯನ್ನು ನಾನು ಬೇಡವೆನ್ನುವುದು ಅದರ ಎಂಜಿನ್ ನಾಜೂಕು ಎಂಬ ಕಾರಣಕ್ಕಲ್ಲ. ಟ್ರಯಲ್ಸ್‌ನಲ್ಲಿ ವೇಗಕ್ಕೆ ಬೆಲೆಯಿಲ್ಲ, ಕಾಲು ನೆಲಕ್ಕೆ ತಾಗಿದರೆ ಒಂದು ಅಂಕ, ಬಿದ್ದರೆ ಐದು ಅಂಕ ದಂಡ. ಹೀಗಾಗಿ ಎಂಜಿನ್ ಬಹುಪಾಲು ಕಡಿಮೆ ಸುತ್ತಿನಲ್ಲೇ ದುಡಿಯುತ್ತದೆ, ಮಣ್ಣಿನ ಟ್ರ್ಯಾಕಿನಲ್ಲಿ ವೇಗವಾಗಿ ಓಡುವ ಮೋಟೋಕ್ರಾಸ್ ಗಾಡಿಗಳಂತೆ ಮೇಲಿಂದ ಮೇಲೆ ಪಿಸ್ಟನ್ ಬದಲಿಸುವ ಪ್ರಮೇಯ ಟೂ-ಸ್ಟ್ರೋಕ್‌ನಲ್ಲೂ ಬರುವುದಿಲ್ಲ. ಸುಮಾರು 70 ಕಿಲೋ ತೂಕದ, ಸೀಟೇ ಇಲ್ಲದ ಆ ಗಾಡಿಗಳ ಹಗುರತನಕ್ಕೆ ಸಾಟಿಯಿಲ್ಲ. ಅದರಲ್ಲೂ 2005ರಲ್ಲಿ ಬಂದ, ಸ್ಪೇನಿನ ಮೊಂಟೆಸಾ ಕಂಪನಿಯ ಕೋಟಾ 4ಆರ್‌ಟಿ ಫೋರ್-ಸ್ಟ್ರೋಕ್ ಎಂಜಿನ್, ಬ್ಯಾಟರಿಯೇ ಬೇಡದ ಫ್ಯೂಯೆಲ್ ಇಂಜೆಕ್ಷನ್ ಹೊಂದಿದ ಅಪರೂಪದ ಯಂತ್ರ. ತೊಡಕು ಬಿಡಿಭಾಗಗಳದ್ದು. ಬೆಳಗಾವಿಯ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇತ್‌ನಲ್ಲಿ ಬುಷ್ ಅಥವಾ ಸ್ಪೇಸರ್ ಕೊರೆಸಬಹುದು, ವಾಟರ್ ಪಂಪಿನ ಸೀಲನ್ನು ಕೊರೆಸಲಾಗದು. ಅದು ಕಡಲು ದಾಟಿ, ಕಸ್ಟಮ್ಸ್ ದಾಟಿ ಬರುವವರೆಗೆ ಗಾಡಿ ಗೋಡೆಗೆ ಒರಗಿರುತ್ತದೆ. ಮೇಲಾಗಿ ನೋಂದಣಿಯಿಲ್ಲದ ಸ್ಪರ್ಧಾ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲವಾದ್ದರಿಂದ ಪ್ರತಿ ಸಲ ಟಾಟಾ ಏಸ್‌ನಲ್ಲಿ ಹೇರಿಕೊಂಡು ಹೋಗಬೇಕು.

ಆರ್‌ಎಕ್ಸ್ ಮೇಲಿನ ನಿಮ್ಮ ಪ್ರೀತಿ ಅರ್ಥವಾಗುತ್ತದೆ, ಆದರೆ ಅದರ ತಯಾರಿಕೆ ನಿಂತದ್ದು 1996ರಲ್ಲಿ. ಒಳ್ಳೆಯ ಒರಿಜಿನಲ್ ಭಾಗಗಳು ಈಗ ಸಂಗ್ರಹಕಾರರ ದರಕ್ಕೆ ಹೋಗಿವೆ, ಮತ್ತು ಕಲ್ಲಿನ ಮೇಲೆ ತೆವಳುವಾಗ ಬೇಕಾದ ಕೆಳಸುತ್ತಿನ ಎಳೆತ ಅದರ ಸ್ವಭಾವದಲ್ಲೇ ಇಲ್ಲ.

ಎಕ್ಸ್‌ಪಲ್ಸ್‌ನ ದೊಡ್ಡ ದೋಷ ತೂಕ, ಸುಮಾರು 160 ಕಿಲೋ. ಎರಡು ಸಲ ಎತ್ತಿ ನಿಲ್ಲಿಸುವಷ್ಟರಲ್ಲಿ ನಮ್ಮ ವಯಸ್ಸಿನವರ ಸೊಂಟಕ್ಕೆ ಅದು ಗೊತ್ತಾಗುತ್ತದೆ. ಉಳಿದಂತೆ ಮುಂದೆ 21 ಇಂಚು, ಹಿಂದೆ 18 ಇಂಚಿನ ಚಕ್ರಗಳು ಟ್ರಯಲ್ಸ್ ಗಾಡಿಯ ಅಳತೆಯವೇ, 220 ಮಿಲಿಮೀಟರ್ ಗ್ರೌಂಡ್ ಕ್ಲಿಯರೆನ್ಸ್ ಇದೆ, ಭಾಗಗಳು ನಿಮ್ಮೂರಿನಲ್ಲೇ ಸಿಗುತ್ತವೆ. ಮುಂದಿನ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಒಂದು ಹಲ್ಲು ಕಡಿಮೆಯದನ್ನು ಹಾಕಿಸಿದರೆ ಮೊದಲ ಗೇರಿನಲ್ಲಿ ಕ್ಲಚ್ಚನ್ನು ಉಜ್ಜಿಸದೆ ನಿಧಾನವಾಗಿ ಹೋಗಬಹುದು. ಕ್ಲಚ್ ಪ್ಲೇಟಿನ ಆಯುಷ್ಯ ಹೆಚ್ಚುವುದು ಇದರಿಂದಲೇ. ಕ್ಲಚ್, ಬ್ರೇಕ್ ಲೀವರ್‌ಗಳನ್ನು ಹ್ಯಾಂಡಲ್‌ಗೆ ಹಿಡಿದಿಡುವ ಬೋಲ್ಟನ್ನು ಪೂರ್ತಿ ಬಿಗಿಯಬೇಡಿ: ಬಿದ್ದಾಗ ಲೀವರ್ ಹ್ಯಾಂಡಲ್ ಮೇಲೆ ತಿರುಗಿಕೊಳ್ಳುತ್ತದೆ, ಮುರಿಯುವುದಿಲ್ಲ. ಟ್ರಯಲ್ಸ್‌ನವರು ಹಿಂದಿನ ಟ್ಯೂಬ್‌ಲೆಸ್ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ ಗಾಳಿ ಮಾತ್ರ ಇಡುವುದನ್ನು ನೋಡಿ ನೀವೂ ಹಾಗೆ ಮಾಡಲು ಹೋಗಬೇಡಿ. ಎಕ್ಸ್‌ಪಲ್ಸ್‌ನಲ್ಲಿರುವುದು ಟ್ಯೂಬ್, ಗಾಳಿ ತೀರಾ ಕಡಿಮೆಯಾದರೆ ಟೈರು ರಿಮ್ಮಿನ ಮೇಲೆ ಜಾರಿ ವಾಲ್ವ್ ಕಿತ್ತುಬರುತ್ತದೆ.

ನಿರ್ವಹಣೆ ಎಂದರೆ ನಿಜವಾಗಿ ಎಂಜಿನ್ನಿಗಿಂತ ಸುತ್ತಲಿನದ್ದು. ಮುಂದಿನ ಚಕ್ರ ಹಿಡಿದ ಫೋರ್ಕಿನ ಡಸ್ಟ್ ಸೀಲಿನ (ಧೂಳು ತಡೆಯುವ ರಬ್ಬರಿನ) ಅಂಚಿನಲ್ಲಿ ಒಣಗಿದ ಕೆಂಪು ಮಣ್ಣನ್ನು ಸವಾರಿಗೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಇಲ್ಲದಿದ್ದರೆ ಅದೇ ಉಸುಕು ಸೀಲನ್ನು ಕೊಯ್ದು ಎಣ್ಣೆ ಸೋರತೊಡಗುತ್ತದೆ. ವಾಷಿಂಗ್ ಸೆಂಟರಿನ ಜೋರು ನೀರನ್ನು ಹಿಂದಿನ ಚಕ್ರ ಹಿಡಿದ ಸ್ವಿಂಗ್‌ಆರ್ಮ್ ಬೇರಿಂಗಿನ ಕಡೆ ಹಿಡಿಯಗೊಡಬೇಡಿ. ಏರ್ ಫಿಲ್ಟರ್ ನೋಡುವ ಅಂತರವನ್ನು ಕಿಲೋಮೀಟರಿನಿಂದಲ್ಲ, ಧೂಳಿನಿಂದ ಅಳೆಯಿರಿ. ಎಥನಾಲ್ ಬೆರೆತ ಈಗಿನ ಪೆಟ್ರೋಲು ತೇವ ಹೀರುವುದರಿಂದ ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವುದಾದರೆ ಒಳಗೆ ತೇವದ ಗಾಳಿಗೆ ಜಾಗ ಉಳಿಯದಂತೆ ಟ್ಯಾಂಕ್ ತುಂಬಿಸಿಡಿ. ಇನ್ನು ನಿಮ್ಮ ಕಡೆಯ ಏಪ್ರಿಲ್ ಬಿಸಿಲು: ಈ ಎಂಜಿನ್ನಿಗೆ ಆಯಿಲ್ ಕೂಲರ್ ಇದ್ದರೂ ಫ್ಯಾನ್ ಇಲ್ಲ, ಗಾಳಿಯಿಲ್ಲದೆ ತೆವಳುತ್ತಿದ್ದರೆ ಬಿಸಿಯೇರುತ್ತದೆ, ಆದ್ದರಿಂದ ಬೆಳಗ್ಗೆ ಒಂಬತ್ತರೊಳಗೆ ಮುಗಿಸುವುದು ಲೇಸು.

ಬಾದಾಮಿ, ಐಹೊಳೆಯ ಸ್ಮಾರಕಗಳ ಸುತ್ತಲಿನ ಬಂಡೆಗಳ ಮೇಲೂ ಅರಣ್ಯ ಇಲಾಖೆಯ ಗುಡ್ಡಗಳಲ್ಲೂ ಗಾಡಿ ಹತ್ತಿಸಬಾರದು. ಪರಿಚಯದವರ ಪಡ ಬಿದ್ದ ಹೊಲವನ್ನೋ ಕೆಲಸ ನಿಂತ ಖಣಿಯನ್ನೋ ಮಾಲೀಕರನ್ನು ಕೇಳಿ ಬಳಸಿ. ಗಾಡಿಗೆ ಮುಂಗಡ ಕೊಡುವ ಮುನ್ನ ನಿಮ್ಮ ಲೈಸೆನ್ಸಿನ ದಿನಾಂಕ ನೋಡಿಕೊಳ್ಳಿ. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಬರೀ ನವೀಕರಣ ಸಾಲದು, ಆರ್‌ಟಿಒದಲ್ಲಿ ಮತ್ತೆ ಚಾಲನಾ ಪರೀಕ್ಷೆ ಕೊಡಬೇಕಾಗುತ್ತದೆ.