ಚಿಗರಿ ಹೊಲಕ್ಕ ಯಾಕ ಬರ್ತಾವ? – ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಗೋವಿನಜೋಳ ಬಿತ್ತಿ ಇನ್ನೇನ ಮೊಳಕಿ ಮ್ಯಾಲ ಬಂತು ಅನ್ನೂದ್ರಾಗ ಚಿಗರಿ (ಕೃಷ್ಣಮೃಗ) ಹಿಂಡು ಬಂದು ಕುಡಿ ಕಡಕೊಂಡು ಹೋಗ್ತಾವ. ಇವಕ್ಕಂತನ ಅಷ್ಟು ದೊಡ್ಡ ಅಭಯಾರಣ್ಯ ಮಾಡ್ಯಾರಲ್ಲ, ಅಲ್ಲೇ ಯಾಕ ಇರಂಗಿಲ್ಲ?
– ರೈತರೊಬ್ಬರು, ರಾಣೆಬೆನ್ನೂರ ತಾಲೂಕು

ಉತ್ತರ: ನಿಮ್ಮ ಸಿಟ್ಟು ನ್ಯಾಯದ್ದು ಅಣ್ಣಾರ. ಈ ಪ್ರಶ್ನೆ ಕೇಳಬೇಕಾದ್ದೂ ಹಿಂಗ, ಚಿಗರಿ ತಪ್ಪು ಅಂತಲ್ಲ, ಅಲ್ಲೇ ಯಾಕ ಇರಂಗಿಲ್ಲ ಅಂತ. ರಾಣೆಬೆನ್ನೂರ ಅಭಯಾರಣ್ಯ ಆಗಿದ್ದು 1974ರಾಗ, ಅಳತಿ ಸುಮಾರು 119 ಚದರ ಕಿಲೋಮೀಟರ್. ಆದ್ರ ಒಳಗ ಹೋಗಿ ನೋಡಿದ್ರ ಬಹಳ ಕಡೆ ಸಾಲು ಹಿಡಿದು ನಿಂತಿದ್ದು ನೀಲಗಿರಿ. ಚಿಗರಿಗೆ ಬೇಕಾದ್ದು ದಟ್ಟ ಅಡವಿ ಅಲ್ರೀ, ಬಯಲು. ಮೊಣಕಾಲುದ್ದದ ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ, ಬೋರಿ ಗಿಡ, ಮತ್ತ ಕಣ್ಣು ಹಾಯೂವಷ್ಟು ದೂರ ಖುಲ್ಲಾ ಜಾಗ, ಯಾಕಂದ್ರ ತೋಳ ಬಂದ್ರ ಅದಕ್ಕ ಇರೂ ದಾರಿ ಒಂದ, ದೂರದಿಂದ ನೋಡಬೇಕು, ಓಡಬೇಕು. ಸಣ್ಣ ಮರಿ ಮಾತ್ರ ಹುಟ್ಟಿದ ಮೊದಲಿನ ದಿನಗಳಾಗ ಹುಲ್ಲಿನಾಗ ಮಿಸುಕಾಡದಂಗ ಮಲಗಿರ್ತೈತಿ, ತಾಯಿ ಆಗಾಗ ಬಂದು ಹಾಲು ಕುಡಿಸಿ ಹೋಗ್ತೈತಿ. ದೊಡ್ಡ ಗಂಡು ನೋಡಿರಬೇಕಲ್ಲ ನೀವು, ಕರಿ ಬೆನ್ನು, ಬಿಳಿ ಹೊಟ್ಟಿ, ತಿರುವಿದ ಕೊಂಬು, ಅದು ತನ್ನ ಜಾಗ ಹಿಡಕೊಂಡು ಒಂದ ಕಡೆ ಹಿಕ್ಕಿ ಹಾಕಿ ಗುಡ್ಡಿ ಮಾಡಿ, ಇದು ನನ್ನ ಗಡಿ ಅಂತ ಬ್ಯಾರೆ ಗಂಡಿಗೆ ತೋರಿಸ್ತೈತಿ. ಇದೆಲ್ಲಾ ನಡಿಯೂದು ಬಯಲಿನಾಗ. ನೀಲಗಿರಿ ಕೆಳಗ ಹುಲ್ಲು ಸರಿಯಾಗಿ ಬರೂದಿಲ್ಲ, ಕಣ್ಣು ಹಾಯೂದಿಲ್ಲ, ಹಿಂಗಾಗಿ ಹೊರಗ ನಿಮ್ಮ ಹೊಲದಾಗ ಎಳೀ ಕುಡಿ ಕಂಡ್ರ ಬರದ ಏನ ಮಾಡ್ತಾವ?

ಇದ ಬಯಲಿನಾಗ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿನೂ ಇತ್ತು. ಹಿರ್ಯಾರನ್ನ ಕೇಳ್ರಿ, ಹೆಚ್ಚುಕಮ್ಮಿ ಒಂದು ಮೀಟರ್ ಎತ್ತರ, ಹದಿನೈದು ಕಿಲೋ ತನಕ ತೂಗೂ ಹಕ್ಕಿ. ಗೂಡು ಕಟ್ಟೂದಿಲ್ಲ, ಬರೀ ನೆಲದ ಮ್ಯಾಲ ಬಹುತೇಕ ಒಂದ ತತ್ತಿ ಇಡ್ತೈತಿ, ಆ ನೆಲಾನ ಕೆದರಿ ಗಿಡಾ ಹಚ್ಚಿದ್ರ ಅದರ ಸಂಸಾರ ಮುಗೀತು. ಈಗ ದೇಶದಾಗ ಉಳಿದಿದ್ದೆಲ್ಲಾ ಸೇರಿ ನೂರೈವತ್ತರ ಒಳಗ ಅಂತಾರ, ಅದೂ ಹೆಚ್ಚುಕಮ್ಮಿ ಎಲ್ಲಾ ರಾಜಸ್ಥಾನದ ಮರುಭೂಮಿಯಾಗ. ಹುಲಿ ಕಮ್ಮಿ ಆದ್ರ ದೇಶ ಪೂರಾ ಸುದ್ದಿ ಆಗ್ತೈತಿ, ನಮ್ಮ ಎರೆಭೂತ ಹೋಗಿದ್ದು ನಮ್ಮ ಜಿಲ್ಲಾದಾಗನ ಎಷ್ಟ ಮಂದಿಗೆ ಗೊತ್ತೈತಿ ಹೇಳ್ರಿ, ನನಗಂತೂ ಇದು ಭಾಳ ಸಂಕಟ ಆಗ್ತೈತಿ.

ಸದ್ಯಕ್ಕ ನಿಮ್ಮ ಕೈಯಾಗಿದ್ದು ಇಷ್ಟು. ಬೆಳಿ ಹಾಳಾದ ಕೂಡ್ಲೆ ಫೋಟೋ ತಗೀರಿ, ಹೆಜ್ಜಿ ಗುರ್ತು, ಹಿಕ್ಕಿ ಕಾಣೂವಂಗ ತಗೀರಿ, ಉತಾರ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಹಿಡಕೊಂಡು ರೇಂಜ್ ಫಾರೆಸ್ಟ್ ಆಫೀಸಿಗೆ ಹೋಗಿ ಬೆಳಿಹಾನಿ ಪರಿಹಾರಕ್ಕ ಅರ್ಜಿ ಕೊಡ್ರಿ, ತಡಾ ಮಾಡಬ್ಯಾಡ್ರಿ, ಅರ್ಜಿ ಕೊಟ್ಟಿದ್ದಕ್ಕ ಸ್ವೀಕೃತಿ ಇಸ್ಕೊಳ್ರಿ. ಬೇಲಿಗೆ ಮಾತ್ರ ಕರೆಂಟ್ ಬಿಡಬ್ಯಾಡ್ರಿ, ಕೈಮುಗಿದು ಹೇಳ್ತೀನಿ. ನೀರು ಹಾಯಿಸಾಕ ರಾತ್ರಿ ಹೋದ ನಿಮ್ಮ ಮನಿಯವರ ಅದನ್ನ ಮುಟ್ಟಬಹುದು. ಚಿಗರಿ ವನ್ಯಜೀವಿ ಕಾಯ್ದೆಯ ಮೊದಲನೇ ಶೆಡ್ಯೂಲಿನಾಗ, ಅಂದ್ರ ಭಾಳ ರಕ್ಷಣೆ ಇರೂ ಪಟ್ಟಿಯಾಗ ಇರೂ ಪ್ರಾಣಿ, ಕೊಂದ್ರ ಮೂರರಿಂದ ಏಳು ವರ್ಷ ಜೈಲು.

ಪ್ರಶ್ನೆ: ಬಂಕಾಪುರಕ್ಕ ತೋಳದ ಅಭಯಾರಣ್ಯ ಬಂದೈತಿ ಅಂತ ವಾಟ್ಸಾಪ್‌ನಾಗ ಓಡಾಡಾಕತ್ತೈತಿ. ನಮ್ಮ ಕ್ವಾಟಿಯಾಗ ತೋಳ ಎಲ್ಲಿ ಅದಾವ್ರೀ?
– ಓದುಗರು, ಶಿಗ್ಗಾಂವ

ಉತ್ತರ: ಆ ಬಂಕಾಪುರ ಬ್ಯಾರೆರೀ, ಕೊಪ್ಪಳ ಜಿಲ್ಲಾ ಗಂಗಾವತಿ ಕಡೆದು, ಅಲ್ಲಿ ಸುಮಾರು 332 ಹೆಕ್ಟೇರ್ ಕುರುಚಲು ಅಡವಿ ತೋಳಕ್ಕಂತ ಇಟ್ಟಾರ. ತೋಳಕ್ಕಂತನ ಬ್ಯಾರೆ ಅಭಯಾರಣ್ಯ ಅಂದ್ರ ದೇಶದಾಗ ಮೊದಲ ಇದ್ದದ್ದು ಜಾರ್ಖಂಡದ ಮಹುವಾಡಾಂಡ್. ನಿಮ್ಮ ಬಂಕಾಪುರ ಕ್ವಾಟಿ ಹೆಸರಾಗಿದ್ದು ನವಿಲಿಗೆ, ಅದು ಹಂಗ ಇರಲಿ. ಹಂಗಂತ ಹಾವೇರಿ ಕಡೆ ತೋಳ ಇಲ್ಲ ಅಂತಲ್ಲ, ಕುರಿ ಕಾಯೋರನ್ನ ಕೇಳಿದ್ರ ಎಲ್ಲಾ ಹೇಳ್ತಾರ.

ಪ್ರಶ್ನೆ: ಮಾಗಡಿ ಕೆರಿ ರಾಮ್ಸಾರ್ ಆತು ಅಂತ ಪೇಪರ್‌ನಾಗ ಬಂತು. ನಾಳೆ ಕೆರಿ ಬಾಜೂದ ನಮ್ಮ ಹೊಲಾನೂ ಹೋಗ್ತಾವೇನು ಅಂತ ಮನ್ಯಾಗ ಅಂಜಿಕಿ ಐತಿ.
– ಗೃಹಿಣಿ, ಶಿರಹಟ್ಟಿ ತಾಲೂಕು

ಉತ್ತರ: ಅಂಜಬ್ಯಾಡ್ರಿ ಅಕ್ಕಾರ. ರಾಮ್ಸಾರ್ ಅಂದ್ರ ಇರಾನದ ಒಂದು ಊರು, 1971ರಾಗ ಅಲ್ಲಿ ಕೆಲವು ದೇಶಗಳು ಕೂಡಿ ಕೆರಿ, ಹಳ್ಳ, ಜವಳು ನೆಲ ಕಾಯೋಣು ಅಂತ ಒಪ್ಪಂದ ಮಾಡಿಕೊಂಡ್ರು, ಭಾರತ ಸೇರಿದ್ದು 1982ರಾಗ. 2024ರಾಗ ಮಾಗಡಿ ಕೆರಿ ಆ ಪಟ್ಟಿಗೆ ಸೇರ್ತು, ಜೋಡೀನ ಅಂಕಸಮುದ್ರ, ಅಘನಾಶಿನಿನೂ ಸೇರಿದ್ವು. ಅದರಿಂದ ಯಾರ ಉತಾರದಾಗೂ ಹೆಸರು ಬದಲಾಗೂದಿಲ್ಲ. ಮಾಗಡಿ ಕೆರಿ ನಮ್ಮ ಕಾಯ್ದೆ ಪ್ರಕಾರ ಸಂರಕ್ಷಣಾ ಮೀಸಲು, ಅದನ್ನ ಸರ್ಕಾರಿ ಜಾಗದಾಗ ಅಷ್ಟ ಮಾಡಾಕ ಬರ್ತೈತಿ, ಮಾಡೂ ಮುಂದ ಊರ ಮಂದೀನ ಕೇಳಬೇಕು, ಅದನ್ನ ನೋಡಿಕೊಳ್ಳೂ ಕಮಿಟಿಯಾಗ ಗ್ರಾಮ ಪಂಚಾಯ್ತಿ ಪ್ರತಿನಿಧಿ ಇರಬೇಕು ಅಂತ ಕಾಯ್ದೆನ ಹೇಳ್ತೈತಿ. ಹಂಗಾಗಿ ನಿಮ್ಮ ಊರಿನವರು ಆ ಕಮಿಟಿಯಾಗ ಕುಂತು ಮಾತಾಡಬೇಕು.

ನಿಮ್ಮ ಕೆರಿಗೆ ಬರೂ ಹೆಬ್ಬಾತುಗಳ ಬಗ್ಗೆ ಎರಡ ಮಾತು ಹೇಳದ ಇರಾಕ ಆಗೂದಿಲ್ಲ. ತಲಿ ಮ್ಯಾಲ ಎರಡು ಕರಿ ಪಟ್ಟಿ ಇರ್ತಾವಲ್ಲ, ಅವು ಬರೂದು ಮಂಗೋಲಿಯಾ, ಟಿಬೆಟ್ ಕಡೆಯಿಂದ, ಹಿಮಾಲಯ ದಾಟಿ. ಏಳು ಸಾವಿರ ಮೀಟರ್ ಮ್ಯಾಲ ಹಾರಿದ್ದು ಯಂತ್ರ ಕಟ್ಟಿ ಅಳದಾರ. ಅಷ್ಟ ಎತ್ತರದಾಗ ಗಾಳಿ ತೆಳ್ಳಗ, ಆದ್ರ ಇವುಗಳ ರಕ್ತ ಆಕ್ಸಿಜನ್ ಗಟ್ಟಿ ಹಿಡಕೊಳ್ಳೂ ಜಾತಿದು, ಅದಕ್ಕ ತಡಕೊಳ್ತಾವ. ಛಳಿಗಾಲ ಪೂರ್ತಿ ನಿಮ್ಮ ಕೆರ್ಯಾಗ ಹಗಲು ವಿಶ್ರಾಂತಿ, ಹೊಲದಾಗ ಮೇವು. ಶೇಂಗಾ, ಕಡ್ಲಿ ತಿಂದ್ರ ಲುಕ್ಸಾನ ನಿಮಗ, ಒಪ್ಪತೀನಿ, ಅದನ್ನ ತುಂಬಿ ಕೊಡಬೇಕಾದ್ದು ಸರ್ಕಾರ, ಒಬ್ಬ ರೈತನ ಕಿಸೆಯಿಂದ ಹೋಗಬಾರದು. ಫೋಟೋ ತಗಿಯಾಕ ಬರೋರು ಕೆರಿ ದಂಡಿ ತನಕ ಕಾರ್ ಒಯ್ದು ಹಕ್ಕಿ ಎಬ್ಬಿಸಿದ್ರ ಮುಲಾಜಿಲ್ಲದ ಬೈರಿ.

ಪ್ರಶ್ನೆ: ನಮ್ಮ ಕಾಲೇಜಿನವರು ಈ ಮಳಿಗಾಲದಾಗ ಒಂದು ಬೋಳು ಗುಡ್ಡಕ್ಕ ಬೀಜದುಂಡಿ ಒಗದು ಹಸರ ಮಾಡಬೇಕಂತ ಪ್ಲಾನ್ ಮಾಡೇವಿ. ಕಪ್ಪತಗುಡ್ಡದ ಹಂಗ ಆಗಲಿ ಅಂತ. ಸಲಹಾ ಕೊಡ್ರಿ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ತಂಗಿ, ಮನಸು ಒಳ್ಳೇದು, ಆದ್ರ ಸ್ವಲ್ಪ ತಡೀರಿ. ಕಪ್ಪತಗುಡ್ಡ ಯಾರೋ ಗಿಡಾ ಹಚ್ಚಿ ಮಾಡಿದ್ದಲ್ಲ. ಅದು ಕುರುಚಲು ಗಿಡ, ಔಷಧಿ ಬಳ್ಳಿ, ಹುಲ್ಲು ಎಲ್ಲಾ ಕೂಡಿದ್ದ ಒಣ ಗುಡ್ಡ, ಅಲ್ಲಿ ಕತ್ತೆಕಿರುಬ, ತೋಳ, ಚಿರತಿ ಅದಾವ. ಅದನ್ನ ಗಣಿಯಿಂದ ಉಳಿಸಿಕೊಂಡಿದ್ದು ಗದಗ ಮಂದಿ. 2015ರಾಗ ಸಂರಕ್ಷಣಾ ಮೀಸಲು ಅಂತ ಘೋಷಣೆ ಆತು, ಮರುವರ್ಷ ಸರ್ಕಾರನ ವಾಪಸ್ ತಗೊಂತು, ಗದಗಿನ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳು, ರೈತರು, ಊರ ಮಂದಿ ಧರಣಿ ಕುಂತ್ರು, 2017ರಾಗ ತಿರುಗಿ ಬಂತು, 2019ರಾಗ ಅಭಯಾರಣ್ಯ ಆತು.

ನಿಮ್ಮ ಆ ಬೋಳು ಗುಡ್ಡ ನಿಜಕ್ಕೂ ಬೋಳೈತೇನು ಅಂತ ಮೊದಲ ನೋಡ್ರಿ. ಮಳಿ ಆದ ಒಂದು ತಿಂಗಳ ಮ್ಯಾಲ ಹತ್ರಿ, ಹುಲ್ಲು ಎದ್ದಿರ್ತೈತಿ, ಅದರಾಗ ಮಿಡತಿ, ಗೌಜಲ, ಮೊಲ, ನರಿ ಇದ್ರ ಅದು ಬೋಳಲ್ಲ, ಹುಲ್ಲುಗಾವಲು, ಅಲ್ಲಿ ಬೀಜದುಂಡಿ ಒಗಿಯೂದು ಬ್ಯಾಡ. ಛಳಿಗಾಲದಾಗ ಮಧ್ಯ ಏಷ್ಯಾದಿಂದ ಬರೂ ಸೆಳೆವ (ಹ್ಯಾರಿಯರ್ ಅನ್ನೂ ಬೇಟಿ ಹಕ್ಕಿ) ಹಕ್ಕಿಗಳು ಇಂಥ ಹುಲ್ಲಿನಾಗ ನೆಲದ ಮ್ಯಾಲನ ರಾತ್ರಿ ಮಲಗ್ತಾವ, ಮಿಡತಿ ತಿಂತಾವ, ರೈತರಿಗೂ ಉಪಕಾರ. ಗಿಡಾ ಹಚ್ಚಾಕ ಕಾಲೇಜ್ ಕಂಪೌಂಡ್, ಹೊಲದ ಬದು, ರಸ್ತೆ ದಂಡಿ ಬೇಕಾದಷ್ಟ ಐತಿ, ಬೇವು, ಹುಣಸಿ, ಹೊಂಗಿ ಹಚ್ಚಿ ಎರಡು ಬ್ಯಾಸಗಿ ನೀರು ಹಾಕ್ರಿ. ಗುಡ್ಡಕ್ಕ ಸಹಾಯ ಮಾಡಬೇಕಂದ್ರ ಫೆಬ್ರವರಿ, ಮಾರ್ಚ್‌ನಾಗ ಬೆಂಕಿ ಬೀಳದಂಗ ಕಾಯ್ರಿ, ಅರಣ್ಯ ಇಲಾಖೆಯವರು ಬೆಂಕಿ ಗಡಿ (ಬೆಂಕಿ ಹಬ್ಬದಂಗ ಹುಲ್ಲು ತಗದ ಪಟ್ಟಿ) ಮಾಡೂ ಮುಂದ ಜೋಡಿ ಹೋಗ್ರಿ. ಯಾವ ಗುಡ್ಡ ಅಂತ ಬರದಿಲ್ಲ ನೀವು, ಹೆಸರು ಮತ್ತ ಮಳಿ ಆದ ಮ್ಯಾಲಿನ ಎರಡು ಫೋಟೋ ಕಳಸ್ರಿ, ಮುಂದಿನ ಸಂಚಿಕಿಯಾಗ ಅದರ ಬಗ್ಗೇನ ಬರಿತೀವಿ.