ಹಾರ್ಟ್ ಅಟ್ಯಾಕ್ ಆದ ನಾಲ್ಕನೇ ದಿನ ಹೃದಯದಲ್ಲಿ ತೂತು: ಇದು ಸ್ಟೆಂಟ್‌ನಿಂದ ಆಯ್ತಾ?

ನೀವು ಬರೆದಿರುವ ಪ್ರಕಾರ, ರೋಣದ ನಿಮ್ಮ ತಂದೆಯವರು ಎದೆನೋವನ್ನು ಗ್ಯಾಸ್ ಅಂದುಕೊಂಡು ಒಂದು ದಿನ ಮನೆಯಲ್ಲೇ ಇದ್ದರು. ಆಮೇಲೆ ಹುಬ್ಬಳ್ಳಿಯಲ್ಲಿ ಸ್ಟೆಂಟ್ (ಕಟ್ಟಿಕೊಂಡ ರಕ್ತನಾಳವನ್ನು ತೆರೆದಿಡುವ ಜಾಲರಿ ಕೊಳವೆ) ಹಾಕಿದ್ದಾಯಿತು. ನಾಲ್ಕನೇ ದಿನ ಉಸಿರಾಟದ ತೊಂದರೆ, ಎಕೋದಲ್ಲಿ (ಹೃದಯದ ಸ್ಕ್ಯಾನ್) ತೂತು ಕಂಡಿತು. ಆಪರೇಷನ್ ಬೇಕು ಅಂದವರೇ ಈಗ ಕಾಯೋಣ ಅಂತಾರೆ, ಯಾಕೆ ಅಂತ ಕೇಳಿದ್ದೀರಿ.

ನಾನು ಹುಬ್ಬಳ್ಳಿಯಲ್ಲಿ ಸಿಸಿಯು, ಅಂದರೆ ಹೃದಯ ರೋಗಿಗಳ ತೀವ್ರ ನಿಗಾ ಘಟಕದ ನರ್ಸ್. ಸ್ಟೆಂಟ್ ಮೇಲಿನ ಅನುಮಾನ ಬಿಡಿ. ಅದು ಕೂರುವುದು ರಕ್ತನಾಳದೊಳಗೆ. ತೂತು ಬಿದ್ದಿರುವುದು ಹೃದಯದ ಕೆಳಗಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ. ರಕ್ತ ಸಿಗದೆ ಸತ್ತ ಮಾಂಸ ಮೆತ್ತಗಾಗಿ, ಎಡಗಡೆಯ ಒತ್ತಡ ತಾಳಲಾರದೆ ಹರಿದು ತೂತಾಗುತ್ತದೆ. ಇದು ಹೆಚ್ಚಾಗಿ ಮೊದಲ 24 ಗಂಟೆಯಲ್ಲಿ, ಇಲ್ಲವೇ 3ರಿಂದ 5ನೇ ದಿನದಲ್ಲಿ ಆಗುತ್ತದೆ. ಇಂಥವರ ಎದೆ ಮೇಲೆ ಅಂಗೈ ಇಟ್ಟರೆ ಎಷ್ಟೋ ಸಲ ಗುರ್ರ್ ಅನ್ನುವ ಕಂಪನ ಕೈಗೇ ಸಿಗುತ್ತದೆ. ಎಡಗಡೆಯ ರಕ್ತ ಬಲಗಡೆಗೆ ನುಗ್ಗುವ ರಭಸ ಅದು.

ಈಗ 100 ಅಟ್ಯಾಕ್‌ಗಳಲ್ಲಿ ಒಂದರಲ್ಲೂ ಹೀಗಾಗುವುದಿಲ್ಲ. ಆದರೆ ತಡವಾಗಿ ಬಂದವರಲ್ಲಿ ಜಾಸ್ತಿ. ನಿಮ್ಮನ್ನು ನೋಯಿಸಲು ಹೇಳುತ್ತಿಲ್ಲ, ಓದುವ ಉಳಿದವರಿಗೂ ಗೊತ್ತಿರಲಿ ಅಂತ. ಸೋಡಾ ಕುಡಿದು ಮಲಗಬೇಡಿ, ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ.

ಇನ್ನು ಕಾಯುವ ಮಾತು. ತೂತಿನ ಅಂಚು ಈಗ ನೆನೆದ ಕಾಗದದಂತಿರುತ್ತದೆ. ಹೊಲಿಗೆ ಹಾಕಿದರೆ ದಾರವೇ ಮಾಂಸವನ್ನು ಕೊಯ್ದುಬಿಡುತ್ತದೆ. ಕೆಲವು ದಿನ ಕಳೆದರೆ ಅಂಚು ಗಟ್ಟಿಯಾಗುತ್ತದೆ. ಅಲ್ಲಿಯವರೆಗೆ ತೊಡೆಸಂದಿನ ನಾಳದಿಂದ ಬಲೂನ್ ಪಂಪ್ ಹಾಕಿ ಹೃದಯದ ಭಾರ ಇಳಿಸುವುದುಂಟು. ಬಿಪಿ ನಿಲ್ಲದಿದ್ದರೆ ಮಾತ್ರ ಕಾಯಲು ಆಗುವುದಿಲ್ಲ. ಮುಚ್ಚಿಡದೆ ಹೇಳುತ್ತೇನೆ: ಆಪರೇಷನ್ ಆದರೂ 10ರಲ್ಲಿ ಸುಮಾರು 4 ಜನ ಉಳಿಯುವುದಿಲ್ಲ. ಆಪರೇಷನ್ ಇಲ್ಲದೆ ಉಳಿಯುವವರು ತೀರಾ ಕಡಿಮೆ. ಹಾಗಾಗಿ ಬೇಡ ಅಂತ ಮನೆಗೆ ಕರೆದುಕೊಂಡು ಹೋಗಬೇಡಿ, ದಯವಿಟ್ಟು.

ಬಿಪಿಎಲ್ ಕಾರ್ಡ್ ಇದ್ದರೆ ಖರ್ಚಿನ ವಿಚಾರಕ್ಕೆ ಇವತ್ತೇ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು (ಸರ್ಕಾರಿ ಆರೋಗ್ಯ ಯೋಜನೆಗೆ ನೆರವಾಗುವವರು) ಕಂಡು ಮಾತಾಡಿ. ಡಾಕ್ಟರ್ ರೌಂಡ್ಸ್‌ಗೆ ಬಂದಾಗ ಬಿಪಿ ಎಷ್ಟಿದೆ, ಮೂತ್ರ ಎಷ್ಟು ಹೋಗುತ್ತಿದೆ ಅಂತ ದಿನಾ ಕೇಳಿ. ಮೂತ್ರ ಕಡಿಮೆಯಾಗಿ ಕೈಕಾಲು ತಣ್ಣಗಾದರೆ ರೌಂಡ್ಸ್‌ಗೆ ಕಾಯಬೇಡಿ. ಡ್ಯೂಟಿ ಸಿಸ್ಟರ್‌ಗೆ ಆಗಲೇ ಹೇಳಿ.