ರಸ್ತೆ ಬದಿಯ ಆ ಒಂಟಿ ಲಾರಿ ಡ್ರೈವರ್

ಸೋಮವಾರಪೇಟೆಯಿಂದ ಈಗಷ್ಟೇ ಕೆನಡಾದ ಉತ್ತರ ಒಂಟಾರಿಯೊಗೆ ಬಂದ ತಮ್ಮನೊಬ್ಬ ಕೇಳಿದ್ದಾನೆ: "ಅಣ್ಣ, ಹೈವೇ 11ರ ಪಕ್ಕ ಲಾರಿ ಡ್ರೈವರ್ ಒಬ್ಬನೇ ಬೋರ್ಡ್ ಹಿಡಿದು ನಿಂತಿರುತ್ತಾನೆ. ಟ್ರೇನಿಂಗ್ ಇಲ್ಲದವರನ್ನು ರಸ್ತೆಗೆ ಬಿಡಬೇಡಿ ಅಂತ ಬರೆದಿದೆ. ನಮ್ಮಂಥವರ ಮೇಲಿನ ಸಿಟ್ಟಾ? ಪೊಲೀಸರು ಯಾಕೆ ಓಡಿಸುವುದಿಲ್ಲ?"

ಓಡಿಸಲು ಕಾರಣ ಬೇಕಲ್ಲ ತಮ್ಮ. ಅವನ ಲಾರಿ ಬಂಕಿನ ಅಂಗಳದಲ್ಲಿದೆ, ರಸ್ತೆಗೆ ಅಡ್ಡ ಇಲ್ಲ. ಮಾತಾಡುವ, ಶಾಂತವಾಗಿ ಸೇರುವ ಹಕ್ಕು ಕೆನಡಾ ಸಂವಿಧಾನದ ಭಾಗವಾದ 1982ರ ಹಕ್ಕುಗಳ ಚಾರ್ಟರಿನಲ್ಲಿದೆ. ಸಿಟಿಜನ್‌ಗಳಿಗೆ ಮಾತ್ರ ಅಲ್ಲ, ನಿನಗೂ ಇದೆ. 2022ರಲ್ಲಿ ಪ್ರತಿಭಟನಾಕಾರರು ರಾಜಧಾನಿ ಒಟ್ಟಾವಾದ ರಸ್ತೆಗಳಲ್ಲೇ ಲಾರಿ ನಿಲ್ಲಿಸಿ ವಾರಗಟ್ಟಲೆ ಕೂತಾಗ ಕಥೆ ಬೇರೆಯಾಯಿತು, ಸರ್ಕಾರ ತುರ್ತು ಕಾಯ್ದೆಯನ್ನೇ ಬಳಸಿತು. ನಮ್ಮಲ್ಲಾದರೆ ಮಡಿಕೇರಿಯ ತಿಮ್ಮಯ್ಯ ಸರ್ಕಲ್‌ನಲ್ಲಿ ಸಂಘ, ಬ್ಯಾನರ್, ಮೈಕು, ಕೊನೆಗೆ ಮನವಿ ಪತ್ರ ಕೊಟ್ಟು ಫೋಟೊ. ಇಲ್ಲಿ ಒಬ್ಬನೇ ನಿಂತರೂ ಯಾರೂ ಹುಚ್ಚ ಅನ್ನುವುದಿಲ್ಲ. ಹಾರ್ನ್ ಹೊಡೆದು ಹೋಗುತ್ತಾರೆ, ಅಷ್ಟೆ.

ಅವನ ಸಿಟ್ಟು ಸುಮ್ನೆ ಬಂದದ್ದಲ್ಲ. ನಾರ್ತ್ ಬೇ ದಾಟಿದ ಮೇಲೆ ಈ ಹೈವೇ ಬಹುಪಾಲು ಎರಡೇ ಲೇನ್, ನಡುವೆ ಡಿವೈಡರ್ ಇಲ್ಲ. ಲಾರಿಗಳೋ ಜಾಸ್ತಿ. 2018ರಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಬಂದ್ ಆದಾಗ ಹೇಗಿತ್ತು, ನೆನಪಿದೆಯಲ್ವಾ? ಇಲ್ಲಿ ಹಿಮದಲ್ಲಿ ಒಂದು ಲಾರಿ ಅಡ್ಡ ಬಿದ್ದರೂ ಊರಿಗೆ ಅದೇ ಗತಿ. ಒಂಟಾರಿಯೊದಲ್ಲಿ 2017ರಿಂದ ದೊಡ್ಡ ಲಾರಿ ಲೈಸೆನ್ಸ್‌ಗೆ ಕನಿಷ್ಠ 103.5 ಗಂಟೆ ಟ್ರೇನಿಂಗ್ ಕಡ್ಡಾಯ. ಕೆಲವು ಡ್ರೈವಿಂಗ್ ಶಾಲೆಗಳು ಆ ಗಂಟೆಗಳನ್ನೇ ನುಂಗಿ ಸಹಿ ಹಾಕಿ ಕಳಿಸುತ್ತವೆ ಅನ್ನುವುದು ಇಲ್ಲಿನ ಡ್ರೈವರ್‌ಗಳ ದೂರು.

ನಮ್ಮ ಮೇಲಾ ಅಂದೆಯಲ್ಲ. ಕಾಫಿ ಅಂಗಡಿಯಲ್ಲಿ "ಈ ಇಂಡಿಯನ್ ಡ್ರೈವರ್‌ಗಳು" ಅನ್ನುವ ಮಾತು ಕಿವಿಗೆ ಬೀಳುತ್ತದೆ, ಮುಚ್ಚಿಡುವುದಿಲ್ಲ. ಹೊಟ್ಟೆ ಉರಿಯುತ್ತದೆ. ಆದರೆ ಈ ಬೋರ್ಡ್ ಹಿಡಿದವನ ಜೊತೆ ನಾನು ಮಾತಾಡಿದ್ದೇನೆ. ಬೈಯುವುದು ಶಾಲೆಗಳನ್ನು, ತಪಾಸಣೆ ಮಾಡದ ಸರ್ಕಾರವನ್ನು. ಅರೆಬರೆ ಕಲಿತವನನ್ನು ಜನವರಿ ರಾತ್ರಿ ಈ ರಸ್ತೆಗೆ ದಬ್ಬಿದರೆ ಮೊದಲು ಸಾಯುವವನು ಅವನೇ ಅಲ್ವಾ?

ನೀನೂ ಲಾರಿ ಓಡಿಸುವ ಯೋಚನೆಯಲ್ಲಿದ್ದರೆ, ಶಾಲೆಯಲ್ಲಿ ಸ್ಟಿಯರಿಂಗ್ ಹಿಡಿದ ಗಂಟೆಗಳನ್ನು ನೀನೇ ಬರೆದಿಟ್ಟುಕೋ. ಕೆಲಸ ಕೊಡುವವರು "ನಿನ್ನ ಹೆಸರಲ್ಲೇ ಒಂದು ಕಂಪನಿ ಮಾಡಿಸು" ಅಂದರೆ ಒಪ್ಪಬೇಡ. ಇಲ್ಲಿ ಅದಕ್ಕೆ ಡ್ರೈವರ್ ಇಂಕ್ ಅನ್ನುತ್ತಾರೆ. ಕೈಗೆ ದುಡ್ಡು ಜಾಸ್ತಿ ಕಾಣುತ್ತದೆ, ಆದರೆ ಓವರ್‌ಟೈಮ್, ರಜೆ ಸಂಬಳ, ಗಾಯವಾದರೆ ಪರಿಹಾರ ಯಾವುದೂ ಇರುವುದಿಲ್ಲ.

ಅವನನ್ನು ಮಾತಾಡಿಸಲು ಹೆದರಬೇಡ, ಒಂದು ಕಾಫಿ ತಗೊಂಡು ಹೋಗು. ಗಾಡಿ ಮಾತ್ರ ಬಂಕಿನೊಳಗೆ ನಿಲ್ಲಿಸು, ರಸ್ತೆ ಅಂಚಿನಲ್ಲಿ ಬೇಡ.